ಗಲ್ಫ್‌ಗೆ ಹೊರಟ ಕೊಡಗಿನ ಕ್ರೂ: ತೆರಿಗೆಗೆ ದಿನ ಎಣಿಸುವುದು ಹೇಗೆ?

ದುಬೈಯ ವಿಮಾನ ಕಂಪನಿಯಲ್ಲಿ ಕ್ಯಾಬಿನ್ ಕ್ರೂ ಕೆಲಸ ಸಿಕ್ಕಿದೆ, ಮನೆ ವಿರಾಜಪೇಟೆ. ‘ಅಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇಲ್ಲ, ಇಲ್ಲಿ ಕಟ್ಟಬೇಕಾ?’ ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ ಭಾರತದಲ್ಲಿ ಎಷ್ಟು ದಿನ ಇದ್ದಿರಿ ಎಂದು ಎಣಿಸಿದರೆ ಉತ್ತರ ಸಿಗುತ್ತದೆ.

ಹಂತ 1: ಹೊರಡುವ ತಾರೀಕು ನೋಡಿ. ಕೆಲಸಕ್ಕೆಂದು ದೇಶ ಬಿಡುವ ಪ್ರಜೆಗೆ ಗೆರೆ 182 ದಿನ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಮುಗಿಸಿ 28ಕ್ಕೆ ವಿಮಾನ ಹತ್ತಿದರೆ ಏಪ್ರಿಲ್‌ನಿಂದ 181 ದಿನ. 29ಕ್ಕೆ ಹತ್ತಿದರೆ 182. ಅಲ್ಲಿಗೆ ಆ ವರ್ಷ ನೀವು ನಿವಾಸಿ, ದುಬೈ ಸಂಬಳಕ್ಕೂ ಇಲ್ಲಿ ತೆರಿಗೆ. 28ಕ್ಕೇ ಹೋದವರೂ ಹುತ್ತರಿಗೆ ನಾಲ್ಕು ದಿನ ಬಂದರೆ ಕತೆ ಅದೇ. ಎಡವುವವರು ಹೆಚ್ಚಾಗಿ ಈ ಮೊದಲ ವರ್ಷದಲ್ಲೇ. ಸಾಧ್ಯವಿದ್ದರೆ ಸೇರುವ ದಿನವನ್ನು ಆಗಸ್ಟ್‌ಗೆ ಕೇಳಿಕೊಳ್ಳಿ. ಹಬ್ಬ ತಪ್ಪುತ್ತದೆ, ನಿಜ.

ಹಂತ 2: ರೋಸ್ಟರ್ ಎತ್ತಿಡಿ. ಕಣ್ಣೂರಿನಲ್ಲಿ ರಾತ್ರಿ 11.50ಕ್ಕೆ ಇಳಿದರೂ ಅದೊಂದು ದಿನವೆಂದೇ ಬರೆದುಕೊಳ್ಳಿ, ಹೊರಟ ದಿನವನ್ನೂ. ಬೆಂಗಳೂರಿನ ಹೋಟೆಲಿನಲ್ಲಿ ಲೇಓವರ್ ಕಳೆದರೂ ಲೆಕ್ಕಕ್ಕೆ ಹಾಕಿ. ಮಾರ್ಚ್ 20ರಿಂದ ಏಪ್ರಿಲ್ 10ರ ರಜೆಯಲ್ಲಿ 12 ದಿನ ಹಳೆಯ ವರ್ಷಕ್ಕೆ, 10 ಹೊಸದಕ್ಕೆ. ಪಾಸ್‌ಪೋರ್ಟಿನ ಮುದ್ರೆಯನ್ನೇ ನಂಬಬೇಡಿ. ಕೆಲಸ ಬಿಟ್ಟ ಮೇಲೆ ಕಂಪನಿಯ ಆ್ಯಪ್ ತೆರೆಯುವುದಿಲ್ಲ, ಹಾಗಾಗಿ ತಿಂಗಳ ರೋಸ್ಟರನ್ನು ಆಗಾಗಲೇ ಪಿಡಿಎಫ್ ಮಾಡಿಡಿ.

ಹಂತ 3: ಊರಿನ ಆದಾಯ ಕೂಡಿಸಿ. ಹೋಂಸ್ಟೇ, ಬಾಡಿಗೆ, ಬಡ್ಡಿ ಸೇರಿ ಭಾರತದ ಆದಾಯ 15 ಲಕ್ಷ ದಾಟಿದರೆ, ರಜೆಗೆ ಬಂದವರಿಗೆ 182ರ ಬದಲು 120 ದಿನ. ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದಿರಬೇಕು ಎಂಬ ಷರತ್ತೂ ಇದೆ. ಹೀಗೆ 15 ಲಕ್ಷ ದಾಟಿದವರು ಬೇರೆಲ್ಲೂ ತೆರಿಗೆಗೆ ಒಳಪಡದ ಪ್ರಜೆಯಾದರೆ, ಒಂದು ದಿನವೂ ಬರದಿದ್ದರೂ ನಿವಾಸಿ ಎನಿಸಿಕೊಳ್ಳಬಹುದು. ಗಾಬರಿ ಬೇಡ: ಈ ಎರಡೂ ಬಗೆಯವರು ‘ಸಾಮಾನ್ಯ ನಿವಾಸಿಯಲ್ಲದ’ ಗುಂಪಿಗೆ ಸೇರುತ್ತಾರೆ, ಅಲ್ಲಿ ದುಡಿದು ಅಲ್ಲೇ ಪಡೆದ ಸಂಬಳ ಉಳಿಯುತ್ತದೆ.

ತೋಟದವರಿಗೆ ಇನ್ನೊಂದು ಸಮಾಧಾನ. ಕೃಷಿ ಆದಾಯ ಈ 15 ಲಕ್ಷಕ್ಕೆ ಸೇರುವುದಿಲ್ಲ. ನಿಮ್ಮ ತೋಟದ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದರೆ ಮಾತ್ರ ಲಾಭದ 25%, ಹುರಿದು ಪುಡಿ ಮಾಡಿ ಮಾರಿದರೆ 40% ವ್ಯಾಪಾರದ ಆದಾಯ.

ಹಂತ 4: ಊರಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆ ಮಾಡಿಸಿ. ರಿಟರ್ನ್ ಸಲ್ಲಿಸುವಾಗ ಐಟಿಆರ್-1 ಮುಟ್ಟಬೇಡಿ, ಅದು ಅನಿವಾಸಿಗಳಿಗಲ್ಲ. ವ್ಯಾಪಾರದ ಆದಾಯ ಇಲ್ಲದಿದ್ದರೆ ಐಟಿಆರ್-2. ಲೆಕ್ಕಪರಿಶೋಧಕರ ಬಳಿ ಹೋಗುವಾಗ ಮೊದಲು ಮೇಜಿನ ಮೇಲಿಡಬೇಕಾದದ್ದು ಆ ಹನ್ನೆರಡು ರೋಸ್ಟರ್‌ಗಳನ್ನು.