ಹೆಪ್ಪಿನಂಥ ಪುಸ್ತಕ



ನಾವು ಅಕ್ಷರ ಕಲಿತೆವು. ಹೆಸರು ಬರೆಯಲು ಕಲಿತೆವು. ಬಸ್ಸಿನ ಬೋರ್ಡು ಓದಲು ಕಲಿತೆವು. ಇನ್ನು ಮುಂದೆ ಏನು? ಕಲಿತದ್ದು ಮರೆಯಬಾರದು ಅಂದ್ರೆ ಓದುತ್ತಲೇ ಇರಬೇಕು. ಓದಲು ಪುಸ್ತಕ ಬೇಕು. ಪುಸ್ತಕಕ್ಕೆ ದುಡ್ಡು ಬೇಕು.

ಈ ತೊಂದರೆ ನಮ್ಮೂರಿಗೆ ಮಾತ್ರವೇ? ಅಲ್ಲ. ಶ್ರೀಮಂತ ದೇಶ ಅಂತ ನಾವು ಹೇಳುವ ಅಮೆರಿಕದಲ್ಲೂ ಇದೆ. ಅಲ್ಲಿನ ಕೆಲವು ಶಿಕ್ಷಕರು ಇದಕ್ಕೆ ಒಂದು ದಾರಿ ಹುಡುಕಿದರು. ಆ ದಾರಿ ಯಾವುದು? ಬನ್ನಿ, ಓದಿ ತಿಳಿಯೋಣ.

ಊರಿನ ಕಾಲೇಜು

ಅಮೆರಿಕದಲ್ಲಿ ಸಮುದಾಯ ಕಾಲೇಜುಗಳಿವೆ. ಅಲ್ಲಿನವರು ಕಮ್ಯುನಿಟಿ ಕಾಲೇಜು ಎನ್ನುತ್ತಾರೆ. ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಇಂಥ ಒಂದು ಕಾಲೇಜು ಶುರುವಾಯಿತು. ಈಗ ಆ ದೇಶದಲ್ಲಿ ಸುಮಾರು ಒಂದು ಸಾವಿರ ಇವೆ. ಇಲ್ಲಿ ಹೆಚ್ಚಾಗಿ ಎರಡು ವರ್ಷದ ಓದು. ಶುಲ್ಕ ದೊಡ್ಡ ವಿಶ್ವವಿದ್ಯಾಲಯಕ್ಕಿಂತ ಕಡಿಮೆ. ಹೆಚ್ಚು ಅಂಕ ತಂದವರಿಗೆ ಮಾತ್ರ ಎಂಬ ಕಟ್ಟಳೆ ಇಲ್ಲ.

ಇಲ್ಲಿಗೆ ಯಾರು ಬರುತ್ತಾರೆ? ಹಗಲು ದುಡಿದು ಸಂಜೆ ಓದುವವರು ಬರುತ್ತಾರೆ. ನಡುವೆ ಓದು ಬಿಟ್ಟವರು ಬರುತ್ತಾರೆ. ಮಕ್ಕಳ ತಾಯಂದಿರೂ ಬರುತ್ತಾರೆ.

ಬೇರೆ ದೇಶದಿಂದ ಬಂದು ನೆಲೆಸಿದವರೂ ಬರುತ್ತಾರೆ. ಅವರಿಗೆ ತಮ್ಮ ಮಾತು ಚೆನ್ನಾಗಿ ಗೊತ್ತು. ಇಂಗ್ಲಿಷ್ ಗೊತ್ತಿಲ್ಲ. ಡಾಕ್ಟರ ಚೀಟಿ, ಸಂಬಳದ ಚೀಟಿ, ಮಗುವಿನ ಶಾಲೆಯಿಂದ ಬಂದ ಕಾಗದ, ಎಲ್ಲವೂ ಇಂಗ್ಲಿಷಿನಲ್ಲಿ. ಯಾರನ್ನಾದರೂ ಕೇಳಿಯೇ ತಿಳಿಯಬೇಕು. ದೊಡ್ಡವರಾದ ಮೇಲೆ ಕಲಿಯಲು ಕೂರುವ ಸಂಕೋಚ ನಮಗೆ ಗೊತ್ತೇ ಇದೆ. ಅವರಿಗೂ ಅದೇ ಸಂಕೋಚ.

ಒಂದು ಪುಸ್ತಕ, ಇಪ್ಪತ್ತು ಗಂಟೆ ದುಡಿಮೆ

ಒಬ್ಬ ತಾಯಿಯನ್ನು ಮನಸ್ಸಿಗೆ ತಂದುಕೊಳ್ಳೋಣ. ಆಕೆ ಟೆಕ್ಸಾಸ್ ರಾಜ್ಯದಲ್ಲಿ ಹೋಟೆಲ್ ಕೋಣೆ ಗುಡಿಸುತ್ತಾಳೆ. ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 7 ಡಾಲರ್ 25 ಸೆಂಟ್. 2009ರಿಂದ ಅದು ಏರಿಲ್ಲ. ಆಕೆಗೆ ಅಷ್ಟೇ ಕೂಲಿ ಸಿಗುತ್ತದೆ ಅನ್ನೋಣ. ಕಾಲೇಜಿನಲ್ಲಿ ಒಂದು ಪುಸ್ತಕ ತರಲು ಹೇಳುತ್ತಾರೆ. ಬೆಲೆ 145 ಡಾಲರ್.

ಲೆಕ್ಕ ಹಾಕೋಣ. 20 ಗಂಟೆ ದುಡಿದರೆ 145 ಡಾಲರ್. ಒಂದು ಪುಸ್ತಕಕ್ಕೆ 20 ಗಂಟೆ ಗುಡಿಸಬೇಕು! ಹಾಗೆ ನಾಲ್ಕು ಪುಸ್ತಕ ಬೇಕಾದರೆ? 80 ಗಂಟೆ. ಮನೆ ಬಾಡಿಗೆ ಎಲ್ಲಿಂದ ಕೊಡೋದು? ಮಕ್ಕಳ ಹೊಟ್ಟೆಗೆ ಏನು?

ಇಂಥವರು ಏನು ಮಾಡುತ್ತಾರೆ? ಕೆಲವರು ಪುಸ್ತಕ ಇಲ್ಲದೆ ತರಗತಿಗೆ ಹೋಗುತ್ತಾರೆ. ಕೆಲವರು ಓದುವ ವಿಷಯ ಕಡಿಮೆ ಮಾಡಿಕೊಳ್ಳುತ್ತಾರೆ. ಕೆಲವರು ಓದನ್ನೇ ಬಿಡುತ್ತಾರೆ. ಕಾಲೇಜಿನ ಬಾಗಿಲು ತೆರೆದೇ ಇರುತ್ತದೆ. ಆದರೆ ಪುಸ್ತಕದ ಬೆಲೆ ಅಡ್ಡ ನಿಲ್ಲುತ್ತದೆ.

ಬೆಲೆ ಏರಿದ್ದು ಏಕೆ?

2005ರಲ್ಲಿ ಅಮೆರಿಕ ಸರ್ಕಾರದ ಲೆಕ್ಕಪತ್ರ ಕಚೇರಿ ಒಂದು ವರದಿ ಕೊಟ್ಟಿತು. 1986ರಿಂದ 2004ರವರೆಗೆ ಕಾಲೇಜು ಪುಸ್ತಕಗಳ ಬೆಲೆ ಸುಮಾರು ಮೂರು ಪಟ್ಟು ಆಯಿತು ಎಂದು ಹೇಳಿತು. ಇತರ ವಸ್ತುಗಳ ಬೆಲೆ ಇಷ್ಟು ಏರಿರಲಿಲ್ಲ.

ಕಾರಣಗಳು ಹಲವು. ಸಂತೆಯಲ್ಲಿ ಬದನೆಕಾಯಿ ದುಬಾರಿಯಾದರೆ ನಾವು ಸೊಪ್ಪು ತರುತ್ತೇವೆ. ಆದರೆ ಪಾಠದ ಪುಸ್ತಕ ಆರಿಸುವವರು ಶಿಕ್ಷಕರು. ದುಡ್ಡು ಕೊಡುವವರು ವಿದ್ಯಾರ್ಥಿಗಳು. ಅವರು ಬೇರೆ ಪುಸ್ತಕ ಕೊಳ್ಳುವ ಹಾಗಿಲ್ಲ.

ಇನ್ನೊಂದು ಕಾರಣ ಕೇಳಿ. ಕೆಲವು ವರ್ಷಕ್ಕೊಮ್ಮೆ ಪುಸ್ತಕದ ಹೊಸ ಮುದ್ರಣ ಬರುತ್ತದೆ. ಪುಟ, ಪ್ರಶ್ನೆ ಸ್ವಲ್ಪ ಬದಲಾಗುತ್ತವೆ. ಆಗ ಹಳೆಯ ಪುಸ್ತಕಕ್ಕೆ ಬೆಲೆ ಇಲ್ಲ. ಕೆಲವು ಪುಸ್ತಕದ ಜೊತೆ ಒಂದು ಗುಟ್ಟಿನ ಸಂಖ್ಯೆ ಕೊಡುತ್ತಾರೆ. ಅದನ್ನು ಒತ್ತಿದರೆ ಮಾತ್ರ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಬಹುದು. ಆ ಸಂಖ್ಯೆ ಒಬ್ಬರಿಗೆ ಮಾತ್ರ. ಅಕ್ಕ ಓದಿದ ಪುಸ್ತಕ ತಂಗಿಗೆ ಆಗೋದಿಲ್ಲ.

ದಾರಿ ಸಿಕ್ಕಿತು

ಟೆಕ್ಸಾಸಿನ ಹ್ಯೂಸ್ಟನ್ ಊರಿನಲ್ಲಿ ರೈಸ್ ವಿಶ್ವವಿದ್ಯಾಲಯ ಇದೆ. ಅಲ್ಲಿನ ಪ್ರಾಧ್ಯಾಪಕ ರಿಚರ್ಡ್ ಬರಾನಿಯಕ್ ಅವರು 1999ರಲ್ಲಿ ಒಂದು ಕೆಲಸ ಶುರು ಮಾಡಿದರು. ಶಿಕ್ಷಕರು ಪಾಠ ಬರೆದು ಕಂಪ್ಯೂಟರಿನಲ್ಲಿ ಇಡಬೇಕು. ಬೇಕಾದವರು ಅದನ್ನು ದುಡ್ಡಿಲ್ಲದೆ ಪಡೆಯಬೇಕು. ಇದರಿಂದಲೇ ಓಪನ್‌ಸ್ಟ್ಯಾಕ್ಸ್ ಹುಟ್ಟಿತು. 2012ರಲ್ಲಿ ಅದರ ಮೊದಲ ಪುಸ್ತಕಗಳು ಬಂದವು. ಭೌತಶಾಸ್ತ್ರ ಒಂದು, ಸಮಾಜಶಾಸ್ತ್ರ ಒಂದು. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಓದಿದರೆ ಬೆಲೆ ಸೊನ್ನೆ. ಅಚ್ಚು ಹಾಕಿದ ಪುಸ್ತಕ ಬೇಕಾದರೆ ಅದಕ್ಕೆ ಮಾತ್ರ ದುಡ್ಡು.

2013ರಲ್ಲಿ ವರ್ಜೀನಿಯಾ ರಾಜ್ಯದ ಟೈಡ್‌ವಾಟರ್ ಕಮ್ಯುನಿಟಿ ಕಾಲೇಜು ಇನ್ನೊಂದು ಹೆಜ್ಜೆ ಇಟ್ಟಿತು. ವ್ಯಾಪಾರ ವಿಷಯದ ಎರಡು ವರ್ಷದ ಓದನ್ನು ಪುಸ್ತಕದ ಖರ್ಚೇ ಇಲ್ಲದೆ ಮುಗಿಸುವ ಏರ್ಪಾಟು ಮಾಡಿತು.

ಹೆಪ್ಪಿನ ಮಾತು

ಇವುಗಳಿಗೆ ಮುಕ್ತ ಪುಸ್ತಕ ಎಂದು ಹೆಸರು. ಮುಕ್ತ ಅಂದ್ರೆ ಬಿಡುಗಡೆ ಆದದ್ದು, ಕಟ್ಟಿಲ್ಲದ್ದು. ಸುಮ್ಮನೆ ಪುಕ್ಕಟೆ ಕೊಡುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ.

ಪಕ್ಕದ ಮನೆಯವರು ಒಂದು ಲೋಟ ಮೊಸರು ಕೊಟ್ಟರು. ಉಂಡೆವು, ಮುಗಿಯಿತು. ಇದು ಪುಕ್ಕಟೆ. ಅವರು ಒಂದು ಚಮಚ ಹೆಪ್ಪು ಕೊಟ್ಟರೆ? ನಾವು ಹಾಲಿಗೆ ಹಾಕುತ್ತೇವೆ. ಗಡಿಗೆ ತುಂಬ ಮೊಸರು ಆಗುತ್ತದೆ. ನಾಳೆ ಅದರಲ್ಲೇ ಇನ್ನೊಬ್ಬರಿಗೆ ಹೆಪ್ಪು ಕೊಡುತ್ತೇವೆ. ಕೊಟ್ಟವರ ಮೊಸರು ಕಡಿಮೆ ಆಯಿತೇ? ಇಲ್ಲ. ಮುಕ್ತ ಪುಸ್ತಕ ಹೆಪ್ಪಿನ ಹಾಗೆ.

ಸಾಮಾನ್ಯ ಪುಸ್ತಕದ ಮೊದಲ ಪುಟ ತೆರೆದು ನೋಡಿ. ಹಕ್ಕುಗಳನ್ನು ಕಾದಿರಿಸಲಾಗಿದೆ ಎಂದು ಇರುತ್ತದೆ. ಕೇಳದೆ ಅಚ್ಚು ಹಾಕಬಾರದು, ಬದಲಾಯಿಸಬಾರದು ಎಂದು ಅದರ ಅರ್ಥ. ಮುಕ್ತ ಪುಸ್ತಕದಲ್ಲಿ ಬರೆದವರು ಮೊದಲೇ ಒಪ್ಪಿಗೆ ಕೊಟ್ಟಿರುತ್ತಾರೆ. ಇಂಥ ಒಪ್ಪಿಗೆ ಪತ್ರಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ 2002ರಲ್ಲಿ ಹೊರತಂದಿತು. ಪುಸ್ತಕ ಪೂರ್ತಿ ಮುಕ್ತವಾಗಿದ್ದರೆ ಐದು ಕೆಲಸ ಮಾಡಬಹುದು:

1. ಪ್ರತಿ ಮಾಡಿ ಇಟ್ಟುಕೊಳ್ಳಬಹುದು.
2. ಪಾಠಕ್ಕೆ ಬಳಸಬಹುದು.
3. ತಿದ್ದಬಹುದು, ಬೇರೆ ಭಾಷೆಗೆ ತರಬಹುದು.
4. ಬೇರೆ ಮುಕ್ತ ಪಾಠದ ಜೊತೆ ಸೇರಿಸಬಹುದು.
5. ಇತರರಿಗೆ ಹಂಚಬಹುದು.

ಬರೆದವರ ಹೆಸರು ಮಾತ್ರ ಮರೆಯದೆ ಹೇಳಬೇಕು. ಬೇರೆ ಕಟ್ಟಳೆ ಇದ್ದರೆ ಅದನ್ನೂ ಪಾಲಿಸಬೇಕು. ಕೆಲವರು ಮಾರಬೇಡಿ ಅಂತ ಬರೆದಿರುತ್ತಾರೆ. ಕೆಲವರು ತಿದ್ದಬೇಡಿ ಅಂತ ಬರೆದಿರುತ್ತಾರೆ.

ಇಂಗ್ಲಿಷ್ ಕಲಿಯುವವರಿಗೆ

ತಿದ್ದುವ ಹಕ್ಕು ಇಂಗ್ಲಿಷ್ ಕಲಿಯುವವರಿಗೆ ಬಹಳ ಉಪಯೋಗ. ದೊಡ್ಡವರ ಕೈಗೆ ಚಿಕ್ಕ ಮಕ್ಕಳ ಪುಸ್ತಕ ಕೊಟ್ಟರೆ ಬೇಸರ. ಅವರಿಗೆ ಗೊಂಬೆಯ ಪಾಠ ಬೇಡ. ಬಾಡಿಗೆ ಚೀಟಿಯ ಪಾಠ ಬೇಕು. ಮುಕ್ತ ಪುಸ್ತಕವಾದರೆ ಶಿಕ್ಷಕಿ ಆ ಪಾಠ ತೆಗೆದು ಈ ಪಾಠ ಹಾಕುತ್ತಾಳೆ. ಕಷ್ಟದ ಸಾಲನ್ನು ಸುಲಭ ಮಾಡುತ್ತಾಳೆ. ಯಾರನ್ನೂ ಕೇಳಬೇಕಾಗಿಲ್ಲ. ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಕಮ್ಯುನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಶಿಕ್ಷಕರು ತಾವೇ ಪುಸ್ತಕ ಬರೆದು ಹೀಗೆ ಬಿಟ್ಟುಕೊಟ್ಟಿದ್ದಾರೆ.

ನೀವು ಕೇಳಬಹುದು

"ಪುಕ್ಕಟೆ ಪುಸ್ತಕ ಚೆನ್ನಾಗಿರುತ್ತಾ ಟೀಚರ್?"

ಪುಸ್ತಕವನ್ನು ಓದಿಯೇ ಅಳೆಯಬೇಕು, ಬೆಲೆ ನೋಡಿ ಅಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ 21,822 ವಿದ್ಯಾರ್ಥಿಗಳ ಫಲಿತಾಂಶ ನೋಡಿದರು. ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮುಕ್ತ ಪುಸ್ತಕ ಬಂದ ಮೇಲೆ ಫಲಿತಾಂಶ ಉತ್ತಮವಾಗಿತ್ತು. ಬಡ ಮನೆಯವರಿಗೆ, ದುಡಿಯುತ್ತಾ ಸ್ವಲ್ಪ ಸ್ವಲ್ಪ ಓದುವವರಿಗೆ ಹೆಚ್ಚು ಲಾಭ ಕಂಡಿತು.

"ಬರೆದವರ ಹೊಟ್ಟೆ ಪಾಡು?"

ಸರಿಯಾದ ಪ್ರಶ್ನೆ. ಬರೆಯುವುದೂ ದುಡಿಮೆಯೇ. ಅದಕ್ಕೆ ಕೂಲಿ ಬೇಕು. ಹಲವು ಕಡೆ ದಾನ ಸಂಸ್ಥೆ, ಕಾಲೇಜು, ಸರ್ಕಾರ ಖರ್ಚು ಕೊಡುತ್ತವೆ. ಕ್ಯಾಲಿಫೋರ್ನಿಯಾ ರಾಜ್ಯ 2021ರಲ್ಲಿ ಪುಸ್ತಕ ಖರ್ಚಿಲ್ಲದ ಓದಿಗಾಗಿ ಸಮುದಾಯ ಕಾಲೇಜುಗಳಿಗೆ 11 ಕೋಟಿ 50 ಲಕ್ಷ ಡಾಲರ್ ಇಟ್ಟಿತು. ಬರೆಯುವ ಕೂಲಿ ಒಮ್ಮೆ ಕೊಟ್ಟರೆ ಸಾವಿರಾರು ಜನ ಓದುತ್ತಾರೆ.

"ಮೊಬೈಲ್ ಇಲ್ಲದವರು ಏನು ಮಾಡೋದು?"

ಇದು ನಿಜವಾದ ಕೊರತೆ. ಕರೆಂಟು, ನೆಟ್‌ವರ್ಕ್ ಇಲ್ಲದ ಕಡೆ ಈ ಪುಸ್ತಕ ಕೈಗೆ ಸಿಗೋದಿಲ್ಲ. ಆಗ ಒಬ್ಬರು ಅಚ್ಚು ಹಾಕಿಸಿ ಹತ್ತು ಮಂದಿ ಓದಬೇಕು. ಅದಕ್ಕೆ ಒಪ್ಪಿಗೆ ಇದೆಯಲ್ಲ!

ನಮ್ಮಲ್ಲಿ ಏನಿದೆ?

ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಸ್ಟೋರಿವೀವರ್ ಎಂಬ ಕಥೆಗಳ ಕಣಜ ತೆರೆಯಿತು. ಅದರಲ್ಲಿ ಕನ್ನಡದ ಕಥೆಗಳೂ ಇವೆ. ಚಿತ್ರ ಇರುತ್ತದೆ. ಓದಲು ದುಡ್ಡಿಲ್ಲ. ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತದ ಕಥೆಯಲ್ಲಿ ಚಿಕ್ಕ ಚಿಕ್ಕ ಸಾಲು. ಮಕ್ಕಳಿಗಾಗಿ ಬರೆದದ್ದು ನಿಜ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾವೇ ಓದಿ ಹೇಳಬಹುದು. ಮಗುವಿಗೆ ಕಥೆ, ನಮಗೆ ಓದಿನ ಅಭ್ಯಾಸ.

ಹಳ್ಳಿಯ ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರು. ಅಲ್ಲಿಗೆ ಹೋಗಿ. ಕಂಪ್ಯೂಟರ್ ಇದ್ದರೆ ಕಥೆ ತೋರಿಸಲು ಹೇಳಿ. ಸಂಕೋಚ ಬೇಡ. ಅದು ನಮ್ಮದೇ ಕೇಂದ್ರ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಸಂಘದ ನಾಲ್ಕು ಮಂದಿ ಸೇರಿ ಹೋಗಿ. ಓದಿದ ಕಥೆಯನ್ನು ಐದನೆಯವಳಿಗೆ ಹೇಳಿ.

ಹೊಸ ಮಾತುಗಳು

ಸಮುದಾಯ – ಒಂದು ಕಡೆ ಬಾಳುವ ಜನ
ಮುಕ್ತ – ಕಟ್ಟಿಲ್ಲದ, ಬಿಡುಗಡೆಯಾದ
ಹಕ್ಕು – ನಮಗೆ ಸಲ್ಲಬೇಕಾದದ್ದು
ಕಣಜ – ಕಾಳು ತುಂಬಿಡುವ ಜಾಗ

ಉತ್ತರ ಹೇಳಿ

1. ಸಮುದಾಯ ಕಾಲೇಜಿಗೆ ಯಾರು ಯಾರು ಬರುತ್ತಾರೆ?
2. ಪುಕ್ಕಟೆ ಪುಸ್ತಕಕ್ಕೂ ಮುಕ್ತ ಪುಸ್ತಕಕ್ಕೂ ಏನು ವ್ಯತ್ಯಾಸ?
3. ನಮ್ಮ ಒಂದು ದಿನದ ಕೂಲಿ ಎಷ್ಟು? 600 ರೂಪಾಯಿಯ ಪುಸ್ತಕಕ್ಕೆ ಎಷ್ಟು ದಿನ ದುಡಿಯಬೇಕು?

ಬಿಟ್ಟ ಜಾಗ ತುಂಬಿ

1. ಓಪನ್‌ಸ್ಟ್ಯಾಕ್ಸಿನ ಮೊದಲ ಪುಸ್ತಕಗಳು ________ರಲ್ಲಿ ಬಂದವು.
2. ಮುಕ್ತ ಪುಸ್ತಕ ಹಂಚುವಾಗ ಬರೆದವರ ________ ಹೇಳಬೇಕು.

ಮಾಡಿ ನೋಡೋಣ

ನಿಮಗೆ ಗೊತ್ತಿರುವ ಒಂದು ಕೆಲಸ ಆರಿಸಿ. ರೊಟ್ಟಿ ತಟ್ಟುವುದೋ, ಬೀಜ ಕಾಪಾಡುವುದೋ, ಬಾಣಂತಿ ಆರೈಕೆಯೋ. ಅದನ್ನು ಐದು ಸಾಲಿನಲ್ಲಿ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ. "ಯಾರು ಬೇಕಾದರೂ ಓದಿ, ಬರೆದುಕೊಳ್ಳಿ, ಹಂಚಿ" ಎಂದು ಸೇರಿಸಿ. ಕಲಿಕಾ ಕೇಂದ್ರದ ಗೋಡೆಗೆ ಅಂಟಿಸೋಣ. ನಮ್ಮ ಕೇಂದ್ರದ ಮೊದಲ ಮುಕ್ತ ಪಾಠ ಅದೇ ಆಗಲಿ.