ಮಳೆ ಲೆಕ್ಕಕ್ಕೊಂದು ವೆಬ್ ಫಾರ್ಮ್

ಗುರುಬಂಧುಗಳೇ, ದರಿಬಡಚಿಯಂಥ ಜತ್ತ ತಾಲೂಕಿನ ಬರದ ಊರಲ್ಲಿ ಒಂದೊಂದು ಮಿಲಿಮೀಟರ್ ಮಳೆಗೂ ಲೆಕ್ಕ ಬೇಕು. ಮಕ್ಕಳು ಮಳೆಮಾಪಕ ನೋಡಿ ತುಂಬಲು ಎಚ್‌ಟಿಎಂಎಲ್‌ನಲ್ಲಿ ನಾವೇ ಒಂದು ಫಾರ್ಮ್ ಮಾಡೋಣ.

ಎಲ್ಲವೂ 'ಫಾರ್ಮ್' ಟ್ಯಾಗ್‌ನ ಒಳಗೆ ಬರಬೇಕು. ಊರು, ದಿನಾಂಕ, ಮಳೆ ಈ ಮೂರಕ್ಕೂ ಒಂದೊಂದು 'ಇನ್‌ಪುಟ್' ಹಾಕಿರಿ. ಟೈಪ್ ಕ್ರಮವಾಗಿ ಟೆಕ್ಸ್ಟ್, ಡೇಟ್, ನಂಬರ್. ಪ್ರತಿಯೊಂದಕ್ಕೂ 'ನೇಮ್' ಕೊಡಲೇಬೇಕು. ಇಲ್ಲದಿದ್ದರೆ ತುಂಬಿದ್ದು ಪರದೆ ಮೇಲೆ ಕಾಣುತ್ತದೆ, ಸರ್ವರ್‌ಗೆ ಮಾತ್ರ ಹೋಗೋದೇ ಇಲ್ಲ. ಕನ್ನಡ ಅಕ್ಷರ ಕೆಡದಂತೆ ಪುಟದ 'ಹೆಡ್' ಭಾಗದಲ್ಲಿ ಯುಟಿಎಫ್-8 ಎಂದು ತಿಳಿಸಿರಿ. ಕೊನೆಗೆ ಸಬ್ಮಿಟ್ ಬಟನ್.

ಈಗ ಮುಖ್ಯ ಮಾತು. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು 'ಮಳೆ ದಿನ'. ಆದರೆ ನಂಬರ್ ಖಾನೆ, ನಾವು ಬೇರೆ ಹೇಳದಿದ್ದರೆ, ಪೂರ್ಣಾಂಕವನ್ನಷ್ಟೇ ಒಪ್ಪುತ್ತದೆ, 2.5 ಬರೆದರೆ ಫಾರ್ಮ್ ಮುಂದೆ ಹೋಗದು. ಹುಡುಗ ಅದನ್ನು 2 ಎಂದು ತಿದ್ದಿ ಕಳಿಸಿದ ಅಂದ್ರೆ ಒಂದು ಮಳೆ ದಿನವೇ ಲೆಕ್ಕ ತಪ್ಪಿತು! ಅದಕ್ಕೇ 'ಸ್ಟೆಪ್' 0.1 ಎಂದು ಕೊಡಿರಿ.

ಮಳೆ ಬಾರದ ದಿನ 0 ಬರೆಸಿರಿ. ಖಾಲಿ ಬಿಡದಂತೆ 'ರಿಕ್ವೈರ್ಡ್' ಸೇರಿಸಿರಿ. ಮಳೆ ಇಲ್ಲದ್ದು ಬೇರೆ, ಅಳತೆ ನೋಡದೇ ಬಿಟ್ಟದ್ದು ಬೇರೆ. ಮಕ್ಕಳ ಕೈಗೆ ಕೊಡುವ ಮುಂಚೆ ನೀವೇ ಒಮ್ಮೆ 2.5 ತುಂಬಿ ನೋಡ್ರಿ.