ಚಾರ್ಮಾಡಿಗೆ ಸೈಕಲ್ ಹತ್ತಿಸುವ ಮುನ್ನ

ಡಿಸೆಂಬರಿನಲ್ಲಿ ಮೊದಲ ಸಲ ಚಾರ್ಮಾಡಿ ಘಾಟಿಗೆ ಸೈಕಲ್ ಹತ್ತಿಸುವವರು ಏರಿಗೆಂದೇ ತಯಾರಾಗುತ್ತಾರೆ. ತಯಾರಿ ಹೆಚ್ಚು ಬೇಕಿರುವುದು ಇಳಿಜಾರಿಗೆ. ಮೂಡುಬಿದಿರೆ–ವೇಣೂರು ದಾರಿಯ ಏರಿಳಿತ ಕಾಲನ್ನು ಪಳಗಿಸುತ್ತದೆ, ಆದರೆ ಬೆವರಿಗೆ ತೊಯ್ದ ಅಂಗಿಯಲ್ಲಿ ಘಾಟಿಯ ಮೇಲಿನ ಕೊಟ್ಟಿಗೆಹಾರದಿಂದ ಬೆಳ್ತಂಗಡಿಯತ್ತ ಇಳಿಯುವುದನ್ನು ಕಲಿಸುವುದಿಲ್ಲ. ‘ಬಂಟ್ವಾಳದವರಿಗೆ ಎಂಥ ಚಳಿ ಮಾರಾಯ್ರೆ?’ ಎನ್ನಬಹುದು. ಊರಲ್ಲಿ ನಿಜವೇ. ಆದರೆ ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ. ಪೆಡಲ್ ತುಳಿಯದೆ ಇಳಿಯುವಾಗ ಮೈ ಬಿಸಿಯೇರದು, ಎದುರುಗಾಳಿ ಬೇರೆ. ಮರಗಟ್ಟಿದ ಬೆರಳು ತಿರುವಿನಲ್ಲಿ ಬ್ರೇಕ್ ಹಿಡಿಯಲು ತಡಮಾಡುತ್ತದೆ. ಮಂಜಿನೊಳಗಿಂದ ಬರುವ ಬಸ್ಸು ಕಾಯುವುದಿಲ್ಲ.

ದಪ್ಪ ಜಾಕೆಟ್ ಹೊರುವುದು ಕಷ್ಟವಲ್ಲವೇ ಎಂದರೆ, ಅದು ಬೇಡವೇ ಬೇಡ. ಗಾಳಿ ತಡೆಯುವ ತೆಳು ಅಂಗಿ, ಪೂರ್ತಿ ಬೆರಳಿನ ಕೈಗವಸು, ಒಣ ಬನಿಯನ್ ಸಾಕು. ಏನೂ ಇಲ್ಲದಿದ್ದರೆ ಅಂಗಿಯೊಳಗೆ ಎದೆಗೊಂದು ಹಳೆ ಪೇಪರ್. ಯುರೋಪಿನ ರೇಸಿನವರದೂ ಇದೇ ಉಪಾಯ. ಇನ್ನು ಬ್ರೇಕಿನ ಮಾತು. ಅದನ್ನು ಒತ್ತಿಹಿಡಿದೇ ಇಳಿದರೆ ರಿಮ್ ಕಾಯುತ್ತದೆ. ಹಿಡಿದು ಬಿಡುತ್ತಾ ಇಳಿಯಿರಿ. ಸವೆದ ಬ್ರೇಕ್ ರಬ್ಬರನ್ನು ಹೊರಡುವ ಮೊದಲೇ ಬದಲಿಸಿ.